ಜಾಲಸ್ವಿಚ್ಚುಗಳಲ್ಲಿ ಮೆಮೊರಿ ಹಂಚಿಕೆಯ ದೋಷಗಳು: ಕಾರಣನಿರ್ಣಯದ ಕ್ರಮ

ಒಂದು ಕಟ್ಟಡದ ಗಣಕಯಂತ್ರಗಳನ್ನೂ ದೂರವಾಣಿಗಳನ್ನೂ ಕ್ಯಾಮೆರಾಗಳನ್ನೂ ಒಂದಕ್ಕೊಂದು ಜೋಡಿಸುವ ಜಾಲಸ್ವಿಚ್ಚು ಸಾಮಾನ್ಯವಾಗಿ ಯಾರ ಗಮನಕ್ಕೂ ಬಾರದ ಯಂತ್ರ. ಮೇಜಿನ ಮೇಲಿನ ಗಣಕವನ್ನು ಆಗಾಗ ನಿಲ್ಲಿಸಿ ಮತ್ತೆ ಚಾಲು ಮಾಡುವ ರೂಢಿಯುಂಟು. ಗೋಡೆಯ ಕಪಾಟಿನಲ್ಲಿರುವ ಸ್ವಿಚ್ಚಿಗೆ ಆ ವಿರಾಮವಿಲ್ಲ. ಎರಡು ಮೂರು ವರ್ಷ ಎಡೆಬಿಡದೆ ನಡೆದ ಸ್ವಿಚ್ಚುಗಳು ಅಪರೂಪವಲ್ಲ. ಹೀಗೆ ನಡೆಯುತ್ತಿರುವ ಯಂತ್ರ ಒಂದು ದಿನ ವಿಚಿತ್ರವಾಗಿ ವರ್ತಿಸಲು ತೊಡಗುತ್ತದೆ. ಹಳೆಯ ಗಣಕಗಳ ಸಂಪರ್ಕವೇನೋ ಕೆಡುವುದಿಲ್ಲ; ಆದರೆ ಮೇಲ್ವಿಚಾರಕನು ದೂರದಿಂದ ಒಳಹೊಕ್ಕು ನೋಡಲು ಯತ್ನಿಸಿದರೆ, ‘ಮೆಮೊರಿ ಕಡಿಮೆಯಿದೆ, ಸ್ವಲ್ಪ ತಡೆದು ಪ್ರಯತ್ನಿಸಿ’ ಎಂಬ ಅರ್ಥದ ಒಂದು ವಾಕ್ಯವನ್ನು ಕೊಟ್ಟು ಬಾಗಿಲು ಹಾಕಿಕೊಳ್ಳುತ್ತದೆ. ಅದರ ದಿನಚರಿಯನ್ನು ತೆರೆದು ನೋಡಿದರೆ ಮೆಮೊರಿ ಹಂಚಿಕೆ ವಿಫಲವಾಯಿತೆಂಬ ಸಂದೇಶ ಮತ್ತೆ ಮತ್ತೆ ದಾಖಲಾಗಿರುತ್ತದೆ.

ಇಂಥ ಸಂದರ್ಭದಲ್ಲಿ ಬಹುಮಂದಿ ಮಾಡುವುದು ಒಂದೇ ಕೆಲಸ: ವಿದ್ಯುತ್ತನ್ನು ಕಿತ್ತು ಮತ್ತೆ ಕೊಡುವುದು. ಯಂತ್ರ ಸರಿಹೋಗುತ್ತದೆ. ಕೆಲವು ತಿಂಗಳು ಕಳೆದು ಅದೇ ದೋಷ ಮರಳುತ್ತದೆ. ಮೆಮೊರಿಯೆಂಬುದು ವಿದ್ಯುತ್ತು ಹೋದೊಡನೆ ಅಳಿಸಿಹೋಗುವ ವಸ್ತುವಾದ್ದರಿಂದ, ದೋಷದ ಸಾಕ್ಷ್ಯವೂ ಅದರೊಡನೆಯೇ ಅಳಿಸಿಹೋಗಿರುತ್ತದೆ. ಈ ಸಾಕ್ಷ್ಯವನ್ನು ಓದುವುದು ಹೇಗೆ, ಅದರಿಂದ ಎಷ್ಟನ್ನು ನಿರ್ಣಯಿಸಬಹುದು, ಎಷ್ಟನ್ನು ನಿರ್ಣಯಿಸಬಾರದು ಎಂಬುದೇ ಪ್ರಕೃತ ಲೇಖನದ ವಿಷಯ.

ಉದಾಹರಣೆಗೆ ಸಿಸ್ಕೋ ಸಂಸ್ಥೆಯ ಕೆಟಲಿಸ್ಟ್ ಜಾತಿಯ ಸ್ವಿಚ್ಚುಗಳನ್ನೂ ಅವುಗಳಲ್ಲಿ ನಡೆಯುವ ಐಓಎಸ್ ಎಂಬ ತಂತ್ರಾಂಶವನ್ನೂ ತೆಗೆದುಕೊಂಡಿದೆ. ಇವು ವ್ಯಾಪಕವಾಗಿ ಬಳಕೆಯಲ್ಲಿರುವುದೂ ಇವುಗಳ ಒಳರಚನೆ ಸಾಕಷ್ಟು ವಿವರವಾಗಿ ಪ್ರಕಟವಾಗಿರುವುದೂ ಇದಕ್ಕೆ ಕಾರಣ. ಆಜ್ಞೆಗಳ ಹೆಸರು ಬೇರೆಯಾದರೂ ತತ್ತ್ವವು ಇತರ ತಯಾರಕರ ಯಂತ್ರಗಳಿಗೂ ಬಹುಮಟ್ಟಿಗೆ ಅನ್ವಯಿಸುತ್ತದೆ.

ಮೊದಲು ಒಂದು ಭೇದವನ್ನು ಮನಗಾಣಬೇಕು. ಸ್ವಿಚ್ಚಿನಲ್ಲಿ ಎರಡು ಬಗೆಯ ಕೆಲಸಗಳು ನಡೆಯುತ್ತವೆ. ಒಂದು ಬಾಯಿಯಿಂದ ಬಂದ ಪ್ಯಾಕೆಟ್ಟನ್ನು ಇನ್ನೊಂದು ಬಾಯಿಗೆ ದಾಟಿಸುವ ಕೆಲಸವನ್ನು ಅದಕ್ಕೆಂದೇ ನಿರ್ಮಿಸಿದ ಚಿಪ್ಪುಗಳು ನಿರ್ವಹಿಸುತ್ತವೆ. ಯಾವ ವಿಳಾಸ ಯಾವ ಬಾಯಿಯಲ್ಲಿದೆ, ಯಾವ ಕೊಂಡಿಯನ್ನು ಮುಚ್ಚಿಡಬೇಕು, ಯಾರಿಗೆ ಪ್ರವೇಶ ಕೊಡಬೇಕು ಎಂಬ ಯೋಚನೆಯ ಕೆಲಸವು ಒಂದು ಸಾಮಾನ್ಯ ಪ್ರೊಸೆಸರಿನ ಮೇಲೆ, ಸಾಮಾನ್ಯ ಮೆಮೊರಿಯಲ್ಲಿ ನಡೆಯುತ್ತದೆ. ಮೆಮೊರಿ ಹಂಚಿಕೆಯ ದೋಷ ತಟ್ಟುವುದು ಈ ಎರಡನೆಯದಕ್ಕೆ. ಆದಕಾರಣವೇ ಮೆಮೊರಿ ಬರಿದಾದ ಮೇಲೂ ಜಾಲವು ಕೆಲವು ಗಂಟೆಗಳ ಕಾಲ, ಕೆಲವು ವೇಳೆ ಕೆಲವು ದಿನಗಳ ಕಾಲ, ಆರೋಗ್ಯವಾಗಿಯೇ ಇರುವಂತೆ ತೋರುವುದು. ಆದರೆ ಇದು ಅಪಾಯಕರವಾದ ಆರೋಗ್ಯ. ಜಾಲದಲ್ಲಿ ಪ್ಯಾಕೆಟ್ಟುಗಳು ಸುತ್ತು ಹೊಡೆಯದಂತೆ ಕೆಲವು ಕೊಂಡಿಗಳನ್ನು ಮುಚ್ಚಿಡುವ ‘ಸ್ಪ್ಯಾನಿಂಗ್ ಟ್ರೀ’ ಎಂಬ ವ್ಯವಸ್ಥೆಯೂ ಇದೇ ಪ್ರೊಸೆಸರನ್ನು ನಂಬಿದೆ. ಅದು ತನ್ನ ನಿಯತ ಸಂದೇಶಗಳನ್ನು ಕಳುಹಿಸಲಾರದೆ ಹೋದರೆ, ನೆರೆಯ ಸ್ವಿಚ್ಚು ಈ ಮಾರ್ಗ ಸತ್ತಿತೆಂದು ಭಾವಿಸಿ ಮುಚ್ಚಿದ್ದ ಕೊಂಡಿಯನ್ನು ತೆರೆಯುತ್ತದೆ; ಚಿಪ್ಪುಗಳೋ ಇನ್ನೂ ದುಡಿಯುತ್ತಿವೆ; ಪ್ಯಾಕೆಟ್ಟುಗಳು ವೃತ್ತಾಕಾರವಾಗಿ ಸುತ್ತತೊಡಗಿ ಇಡೀ ಕಟ್ಟಡದ ಜಾಲ ನಿಮಿಷಗಳಲ್ಲಿ ನಿಂತುಹೋಗಬಹುದು. ಒಂದು ಸ್ವಿಚ್ಚಿನ ಮೆಮೊರಿಯ ಕೊರತೆಯನ್ನು ಆ ಸ್ವಿಚ್ಚಿನ ಮನೆವಾರ್ತೆಯೆಂದು ಬಿಟ್ಟುಬಿಡುವಂತಿಲ್ಲ.

ಇನ್ನು ಸಂದೇಶವನ್ನೇ ನೋಡೋಣ. ಐಓಎಸ್ಸಿನಲ್ಲಿ ಇದರ ಹೆಸರು ‘ಸಿಸ್-2-ಮ್ಯಾಲಕ್‌ಫೇಲ್’. ನಡುವಿನ 2 ಎಂಬ ಅಂಕೆ ಗಂಭೀರತೆಯ ದರ್ಜೆ. 0 ಅತ್ಯಂತ ಗಂಭೀರ, 7 ಅತ್ಯಂತ ಸಾಮಾನ್ಯ. ಹೆಸರಿನ ಮುಂದೆ ಎಷ್ಟು ಬೈಟುಗಳನ್ನು ಕೇಳಲಾಯಿತು, ಕೇಳಿದ್ದು ತಂತ್ರಾಂಶದ ಯಾವ ಸ್ಥಾನದಿಂದ, ಯಾವ ಭಂಡಾರದಿಂದ, ಆ ಭಂಡಾರದಲ್ಲಿ ಆಗ ಖಾಲಿಯಿದ್ದುದೆಷ್ಟು, ವಿಫಲತೆಗೆ ಕಾರಣವೇನು, ಕೇಳಿದ ಪ್ರೊಸೆಸ್ಸಿನ ಹೆಸರೇನು ಎಂಬ ವಿವರಗಳು ಬರುತ್ತವೆ. ಇಷ್ಟೊಂದು ವಿವರವಿರುವ ಸಂದೇಶವನ್ನು ಮೊದಲ ಅರ್ಧದಲ್ಲೇ ಓದಿ ಬಿಡುವುದು ಸಾಮಾನ್ಯವಾದ ತಪ್ಪು. ‘ವಿಫಲ’ ಎಂಬ ಶಬ್ದ ಕಣ್ಣಿಗೆ ಬಿದ್ದೊಡನೆ ಮೆಮೊರಿ ಮುಗಿಯಿತೆಂದು ತೀರ್ಮಾನಿಸುತ್ತಾರೆ. ಕಾರಣದ ಸ್ಥಾನದಲ್ಲಿ ಎರಡು ಬೇರೆ ಬೇರೆ ಉತ್ತರಗಳು ಬರಬಹುದೆಂಬುದನ್ನು ಗಮನಿಸುವುದಿಲ್ಲ: ‘ಸಾಕಷ್ಟು ಖಾಲಿ ಮೆಮೊರಿಯಿಲ್ಲ’ ಎಂಬುದೊಂದು, ‘ಮೆಮೊರಿ ಛಿದ್ರವಾಗಿದೆ’ ಎಂಬುದು ಇನ್ನೊಂದು. ಈ ಎರಡು ರೋಗಗಳಿಗೆ ಲಕ್ಷಣ ಒಂದೇ, ಮೂಲ ಬೇರೆ, ಚಿಕಿತ್ಸೆಯೂ ಬೇರೆ.

ಛಿದ್ರತೆಯನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಮದುವೆಯ ಮನೆಯಲ್ಲಿ ಇನ್ನೂರು ಮಂದಿ ಕೂರುವ ಉದ್ದನೆಯ ಒಂದು ಸಾಲು ಹಾಕಿದೆಯೆಂದು ಭಾವಿಸೋಣ. ಪಂಕ್ತಿಯ ಕ್ರಮದಂತೆ ಎಲ್ಲರೂ ಕೂಡಿ ಕುಳಿತು ಕೂಡಿ ಏಳುವುದಾದರೆ ತೊಂದರೆಯಿಲ್ಲ. ಬದಲಾಗಿ, ಬಂದವರು ಬಂದಂತೆ ಕುಳಿತು ಉಂಡವರು ಉಂಡಂತೆ ಎದ್ದುಹೋಗುವ ಏರ್ಪಾಡಾದರೆ, ಸ್ವಲ್ಪ ಹೊತ್ತಿನಲ್ಲಿ ಸಾಲಿನ ಉದ್ದಕ್ಕೂ ಇಲ್ಲೊಂದು ಅಲ್ಲೆರಡು ಎಲೆಗಳು ಖಾಲಿಯಾಗಿ ಉಳಿಯುತ್ತವೆ. ಆಗ ಹನ್ನೆರಡು ಮಂದಿಯ ಒಂದು ಸಂಸಾರ ಬಂದು, ನಾವೆಲ್ಲ ಒಟ್ಟಿಗೇ ಪಕ್ಕಪಕ್ಕದಲ್ಲಿಯೇ ಕೂರಬೇಕೆಂದು ಹಟಹಿಡಿದರೆ, ಒಟ್ಟು ಅರುವತ್ತು ಎಲೆ ಖಾಲಿಯಿದ್ದರೂ ಅವರಿಗೆ ಸ್ಥಳವಿಲ್ಲ. ಮೆಮೊರಿಯನ್ನು ಕೇಳುವ ತಂತ್ರಾಂಶವು ಈ ಹಟಮಾರಿ ಸಂಸಾರದಂತೆ. 65,536 ಬೈಟು ಬೇಕೆಂದರೆ ಅಷ್ಟೂ ಒಂದೇ ಅಖಂಡ ತುಣುಕಾಗಿ ಬೇಕು. ಐದು ಮೆಗಾಬೈಟು ಖಾಲಿಯಿದ್ದೂ ಅದರಲ್ಲಿ ಅತಿ ದೊಡ್ಡ ತುಣುಕು ನಾಲ್ವತ್ತು ಸಾವಿರ ಬೈಟಿನದಾದರೆ ಬೇಡಿಕೆ ವಿಫಲವಾಗುವುದು ಸಹಜ.

ಕುಳಿತವರನ್ನು ಸ್ವಲ್ಪ ಸರಿದುಕೊಳ್ಳಿ ಎನ್ನಬಹುದಲ್ಲ ಎಂದು ವಾಚಕರು ಕೇಳಬಹುದು. ಮೇಜಿನ ಗಣಕಗಳಲ್ಲಿ ಮೆಮೊರಿಯ ತೋರಿಕೆಯ ವಿಳಾಸವನ್ನೂ ನಿಜವಾದ ಸ್ಥಾನವನ್ನೂ ಬೇರ್ಪಡಿಸುವ ಒಂದು ಏರ್ಪಾಡಿರುವುದರಿಂದ ಇಂಥ ಸರಿದಾಟ ಒಂದು ಮಟ್ಟಿಗೆ ಸಾಧ್ಯ. ಹಳೆಯ ಐಓಎಸ್ಸಿನಲ್ಲಿ ಎಲ್ಲ ಪ್ರೊಸೆಸ್ಸುಗಳೂ ಒಂದೇ ವಿಳಾಸಕ್ಷೇತ್ರವನ್ನು ಹಂಚಿಕೊಂಡಿವೆ. ಒಮ್ಮೆ ಕೊಟ್ಟ ತುಣುಕಿನ ವಿಳಾಸವನ್ನು ಯಾರು ಯಾರು ಎಲ್ಲೆಲ್ಲಿ ಬರೆದಿಟ್ಟುಕೊಂಡಿದ್ದಾರೆಂಬುದು ಹಂಚುವವನಿಗೆ ತಿಳಿಯದು. ಆದ್ದರಿಂದ ಅದನ್ನು ಕದಲಿಸುವಂತಿಲ್ಲ. ಬಿಟ್ಟುಕೊಟ್ಟ ತುಣುಕಿನ ಪಕ್ಕದ ತುಣುಕೂ ಖಾಲಿಯಿದ್ದರೆ ಎರಡನ್ನೂ ಬೆಸೆಯಬಹುದು, ಅಷ್ಟೇ. ಮೊದಲ ಕೆಟಲಿಸ್ಟ್ 2960 ಮಾದರಿಗಳಲ್ಲಿ ಒಟ್ಟು ಮೆಮೊರಿಯೇ 64 ಮೆಗಾಬೈಟು. ತಂತ್ರಾಂಶ, ಅದರ ಕೋಷ್ಟಕಗಳು, ಪ್ಯಾಕೆಟ್ಟು ಬಫರುಗಳು ಎಲ್ಲವೂ ಅದರೊಳಗೇ ಅಡಗಬೇಕು.

ಈ ಸಮಸ್ಯೆಯು ಗಣಕಶಾಸ್ತ್ರದಲ್ಲಿ ಹಳೆಯದು. ಡೊನಾಲ್ಡ್ ಕ್ನೂತ್ ಅವರು 1968ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಗ್ರಂಥದ ಮೊದಲನೆಯ ಸಂಪುಟದಲ್ಲಿ ‘ಐವತ್ತು ಪ್ರತಿಶತ ನಿಯಮ’ವೊಂದನ್ನು ತೋರಿಸಿದರು. ಹಂಚಿಕೆಯೂ ಬಿಡುಗಡೆಯೂ ಸಮತೋಲಕ್ಕೆ ಬಂದ ಮೇಲೆ, ಖಾಲಿ ತುಣುಕುಗಳ ಸಂಖ್ಯೆ ಬಳಕೆಯಲ್ಲಿರುವ ತುಣುಕುಗಳ ಸಂಖ್ಯೆಯ ಸುಮಾರು ಅರ್ಧಕ್ಕೆ ಬಂದು ನಿಲ್ಲುತ್ತದೆಂಬುದು ಅದರ ತಾತ್ಪರ್ಯ. ಬಳಕೆಯಲ್ಲಿ ಇಪ್ಪತ್ತು ಸಾವಿರ ತುಣುಕುಗಳಿದ್ದರೆ ನಡುನಡುವೆ ಹತ್ತು ಸಾವಿರದಷ್ಟು ಖಾಲಿ ತುಣುಕುಗಳಿರುವುದು ರೋಗವಲ್ಲ, ಪ್ರಕೃತಿ. 1971ರಲ್ಲಿ ಜೆ. ಎಂ. ರಾಬ್ಸನ್ ಅವರು ಇದಕ್ಕಿಂತ ನಿರಾಶಾದಾಯಕವಾದ ಫಲಿತಾಂಶವೊಂದನ್ನು ಸಾಧಿಸಿದರು. ತುಣುಕುಗಳನ್ನು ಕದಲಿಸದೆ ಹಂಚುವ ಯಾವ ಚಾತುರ್ಯವೂ ಛಿದ್ರತೆಯನ್ನು ಪೂರ್ಣವಾಗಿ ತಪ್ಪಿಸಲಾರದು; ಅತ್ಯಂತ ಪ್ರತಿಕೂಲ ಸಂದರ್ಭದಲ್ಲಿ, ವಾಸ್ತವವಾಗಿ ಬೇಕಾದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಮೆಮೊರಿ ಬೇಕಾಗುತ್ತದೆ, ಮತ್ತು ಆ ಪಟ್ಟು ಅತಿ ದೊಡ್ಡ ಬೇಡಿಕೆಗೂ ಅತಿ ಚಿಕ್ಕ ಬೇಡಿಕೆಗೂ ಇರುವ ಅನುಪಾತದ ಲಾಗರಿದಮ್ಮಿನೊಡನೆ ಬೆಳೆಯುತ್ತದೆ. ನಿತ್ಯಜೀವನದಲ್ಲಿ ಅಂಥ ಪ್ರತಿಕೂಲತೆ ಅಪರೂಪ. ಆದರೆ ಖಾತರಿ ಕೊಡುವಂತಿಲ್ಲ ಎಂಬುದು ಗಣಿತದ ತೀರ್ಪು. ವರ್ಷಗಟ್ಟಲೆ ನಡೆಯುವ ಯಂತ್ರವು ಅಪರೂಪದ ಸಂದರ್ಭಗಳನ್ನೂ ಸಂಧಿಸದೆ ಇರಲಾರದು.

ಐಓಎಸ್ಸಿನ ನಿರ್ಮಾಪಕರು ಇದನ್ನು ಅರಿಯದವರಲ್ಲ. ಒಂದೇ ಅಳತೆಯ ಸಣ್ಣ ತುಣುಕುಗಳು ಸಾವಿರಾರು ಬೇಕಾಗುವ ಕಡೆ, ಒಂದು ದೊಡ್ಡ ತುಣುಕನ್ನು ಮೊದಲೇ ಪಡೆದು ಒಳಗೊಳಗೇ ಸಮನಾಗಿ ಹಂಚುವ ವ್ಯವಸ್ಥೆಯನ್ನು ಅವರು ಮಾಡಿದ್ದಾರೆ. ಎಲ್ಲ ಎಲೆಗಳೂ ಒಂದೇ ಅಳತೆಯವಾದರೆ ಯಾವ ತೆರಪಾದರೂ ಯಾರಿಗಾದರೂ ಒಗ್ಗುತ್ತದೆ. ಆದರೆ ಕಡೆಯ ಒಬ್ಬನು ಏಳುವವರೆಗೆ ಚಾಪೆಯನ್ನು ಸುತ್ತಿಡುವಂತಿಲ್ಲ ಎಂಬ ತೊಡಕು ಇದಕ್ಕೂ ಇದೆ.

ಎರಡನೆಯ ರೋಗ ಸೋರಿಕೆ. ಪ್ರೊಸೆಸ್ಸೊಂದು ಮೆಮೊರಿಯನ್ನು ಪಡೆದು, ಕೆಲಸ ಮುಗಿದ ಮೇಲೆ ಹಿಂದಿರುಗಿಸಲು ಮರೆತರೆ ಅದು ಸೋರಿಕೆ. ಇದು ಬರೆದವರ ದೋಷ, ಬಳಸುವವರದಲ್ಲ. ಸೋರಿಕೆಯ ವೇಗ ಸಾಮಾನ್ಯವಾಗಿ ಬಹು ಅಲ್ಪ. ತಯಾರಕರ ಪರೀಕ್ಷಾಲಯದಲ್ಲಿ ಕೆಲವು ವಾರಗಳ ಪರೀಕ್ಷೆಗೆ ಸಿಕ್ಕಿಬೀಳುವಷ್ಟು ವೇಗವಿದ್ದರೆ ಅದು ಅಲ್ಲಿಯೇ ಸಿಕ್ಕಿಬೀಳುತ್ತಿತ್ತು. ನಮ್ಮವರೆಗೆ ಬರುವ ಸೋರಿಕೆಗಳು ಆ ಜರಡಿಯನ್ನು ದಾಟಿ ಬಂದವು.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಯಂತ್ರದ ಯೋಗಕ್ಷೇಮವನ್ನು ವಿಚಾರಿಸುವ ಒಂದು ಮೇಲ್ವಿಚಾರಣೆಯ ತಂತ್ರಾಂಶವು ಐದು ನಿಮಿಷಕ್ಕೊಮ್ಮೆ ಪ್ರಶ್ನೆ ಕಳುಹಿಸುತ್ತದೆ. ಪ್ರತಿ ಪ್ರಶ್ನೆಗೆ ಉತ್ತರ ಕೊಡುವಾಗ ಸ್ವಿಚ್ಚಿನಲ್ಲಿ 200 ಬೈಟು ಸೋರುತ್ತದೆಂದೂ ಖಾಲಿಯಿರುವ ಮೆಮೊರಿ 20 ಮೆಗಾಬೈಟು ಎಂದೂ ಇಟ್ಟುಕೊಳ್ಳೋಣ. ದಿನಕ್ಕೆ 288 ಪ್ರಶ್ನೆಗಳು. ಸೋರಿಕೆ 57,600 ಬೈಟು. 20 ಮೆಗಾಬೈಟೆಂದರೆ 2,09,71,520 ಬೈಟು. ಭಾಗಿಸಿದರೆ 364 ದಿನ. ಇನ್ನೂರು ಬೈಟೆಂಬುದು ಒಂದು ಕಾರ್ಡಿನ ಮೇಲೆ ಬರೆಯಬಹುದಾದಷ್ಟು ಅಕ್ಷರ. ಅಷ್ಟು ಅಲ್ಪವಾದುದು ಸ್ವಿಚ್ಚನ್ನು ಸರಿಯಾಗಿ ಒಂದು ವರ್ಷಕ್ಕೆ ಕೆಡವುತ್ತದೆ. ಯಂತ್ರದ ಆರೋಗ್ಯದ ಬಗೆಗೆ ಕಳವಳಗೊಂಡ ಮೇಲ್ವಿಚಾರಕನು ಐದು ನಿಮಿಷದ ಬದಲು ನಿಮಿಷಕ್ಕೊಮ್ಮೆ ವಿಚಾರಿಸಲು ತೊಡಗಿದರೆ ಆಯುಷ್ಯ 73 ದಿನಕ್ಕೆ ಇಳಿಯುತ್ತದೆ. ನೋಡುವವನ ಕಾತರವೇ ರೋಗವನ್ನು ಬೆಳೆಸುವ ಇಂಥ ಸಂದರ್ಭದಲ್ಲಿ ರೋಗದ ಮೂಲವನ್ನು ಊಹಿಸುವುದು ಸುಲಭವಲ್ಲ.

ಸಂದೇಶದಲ್ಲಿ ಪ್ರೊಸೆಸ್ಸಿನ ಹೆಸರಿರುತ್ತದಲ್ಲ, ಅದೇ ಅಪರಾಧಿಯಲ್ಲವೆ ಎಂಬ ಪ್ರಶ್ನೆ ಏಳುವುದು ಸ್ವಾಭಾವಿಕ. ಅಲ್ಲ. ಮೆಮೊರಿಯ ದೋಷಗಳ ವಿಚಾರದಲ್ಲಿ ಅತ್ಯಂತ ಹೆಚ್ಚು ಕಾಲಹರಣ ಮಾಡಿಸುವ ಭ್ರಮೆ ಇದು. ಕೂಡುಕುಟುಂಬದಲ್ಲಿ ಕಣಜದ ತಳ ಕಾಣುವುದು ಕಡೆಯಲ್ಲಿ ಅಳೆಯಲು ಹೋದವನಿಗೆ. ಕಾಳು ಸೋರಿದ್ದಕ್ಕೆ ಅವನು ಹೊಣೆಯಲ್ಲ. ಸಂದೇಶದಲ್ಲಿ ಬರುವ ಹೆಸರು ಆ ಕ್ಷಣದಲ್ಲಿ ಕೈಯೊಡ್ಡಿ ಬರಿಗೈಯಲ್ಲಿ ಮರಳಿದವನದು. ದೊಡ್ಡ ತುಣುಕನ್ನು ಕೇಳುವವನು, ಪದೇ ಪದೇ ಕೇಳುವವನು ಸಹಜವಾಗಿಯೇ ಮೊದಲು ಎಡವುತ್ತಾನೆ. ಒಂದೇ ಹೆಸರು ಹತ್ತಾರು ಬಾರಿ ಬಂದಿದ್ದರೂ ಅದು ಅಪರಾಧದ ಪ್ರಮಾಣವಾಗಲಾರದು.

ಅಪರಾಧಿಯನ್ನು ಹುಡುಕಬೇಕಾದುದು ಬೇರೆ ಕಡೆ. ‘ಷೋ ಪ್ರೊಸೆಸಸ್ ಮೆಮೊರಿ ಸಾರ್ಟೆಡ್’ ಎಂಬ ಆಜ್ಞೆಯನ್ನು ಕೊಟ್ಟರೆ, ಪ್ರತಿಯೊಂದು ಪ್ರೊಸೆಸ್ಸೂ ಆರಂಭದಿಂದ ಪಡೆದುದೆಷ್ಟು, ಹಿಂದಿರುಗಿಸಿದುದೆಷ್ಟು, ಈಗ ಹಿಡಿದುಕೊಂಡಿರುವುದೆಷ್ಟು ಎಂಬ ಕೋಷ್ಟಕ ಬರುತ್ತದೆ. ನೋಡಬೇಕಾದುದು ‘ಹೋಲ್ಡಿಂಗ್’ ಎಂಬ ಕಂಬಸಾಲನ್ನು. ಇಲ್ಲಿಯೂ ಎಚ್ಚರಿಕೆ ಬೇಕು. ಯಂತ್ರ ಎಚ್ಚೆತ್ತಾಗ ಪಡೆದ ಮೆಮೊರಿಯೆಲ್ಲ ‘ಇನಿಟ್’ ಎಂಬ ಹೆಸರಿನಲ್ಲಿ ಬರೆಯಲ್ಪಡುವುದರಿಂದ ಅದು ಸಾಮಾನ್ಯವಾಗಿ ಪಟ್ಟಿಯ ತಲೆಯಲ್ಲಿರುತ್ತದೆ. ಅದರಲ್ಲಿ ದೋಷವೇನೂ ಇಲ್ಲ. ‘ಡೆಡ್’ ಎಂಬ ಹೆಸರಿನಲ್ಲಿ ಕಾಣುವುದು, ತಾನು ಮುಗಿದುಹೋಗಿದ್ದರೂ ತನ್ನ ಹೆಸರಿನಲ್ಲಿ ಮೆಮೊರಿಯನ್ನು ಉಳಿಸಿಹೋದ ಪ್ರೊಸೆಸ್ಸುಗಳ ಆಸ್ತಿ. ಸ್ವಲ್ಪವಿರುವುದು ಸಹಜ. ದಿನದಿನಕ್ಕೆ ಬೆಳೆಯುವುದಾದರೆ ಮಾತ್ರ ಶಂಕಿಸಬೇಕು.

ದಿನದಿನಕ್ಕೆ ಎಂಬ ಮಾತಿನಲ್ಲಿಯೇ ಈ ವಿದ್ಯೆಯ ಸಾರವಿದೆಯೆಂದು ನನ್ನ ಅಭಿಪ್ರಾಯ. ಒಂದು ಹೊತ್ತಿನ ಒಂದು ಕೋಷ್ಟಕದಿಂದ ಸೋರಿಕೆಯನ್ನು ಯಾರೂ ನಿರ್ಣಯಿಸಲಾರರು. ದೊಡ್ಡ ಹಿಡುವಳಿ ಬೇರೆ, ಬೆಳೆಯುವ ಹಿಡುವಳಿ ಬೇರೆ. ವಿಳಾಸಗಳ ಕೋಷ್ಟಕ, ದಿನಚರಿಯ ದಾಖಲೆ ಮುಂತಾದವು ನ್ಯಾಯವಾಗಿಯೇ ಬೆಳೆಯುತ್ತವೆ. ಆದರೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತವೆ, ಜನ ಕಡಿಮೆಯಾದಾಗ ಇಳಿಯುತ್ತವೆ. ವಿದ್ಯಾಲಯವೊಂದರಲ್ಲಿ ಸೋಮವಾರ ಏರಿದ ಹಿಡುವಳಿ ಭಾನುವಾರ ಇಳಿದರೆ ಅದು ಬಳಕೆ. ಸೋರಿಕೆಗೆ ಭಾನುವಾರವಿಲ್ಲ. ಆದ್ದರಿಂದ ಒಂದು ವಾರಕ್ಕೆ ಕಡಿಮೆಯಿಲ್ಲದ ಅವಧಿಯಲ್ಲಿ, ನಿಯತ ಕಾಲಕ್ಕೆ, ಅದೇ ಕೋಷ್ಟಕವನ್ನು ತೆಗೆದು ಹೋಲಿಸುವುದು ಅವಶ್ಯಕ.

ಇದನ್ನು ಕೈಯಿಂದಲೇ ಮಾಡಬೇಕಾಗಿಲ್ಲ. ಎಸ್‌ಎನ್‌ಎಂಪಿ ಎಂಬ ವಿಚಾರಣಾ ಪದ್ಧತಿಯ ಮೂಲಕ ಈ ಸ್ವಿಚ್ಚುಗಳಿಂದ ಪ್ರತಿ ಭಂಡಾರದ ಬಳಕೆ, ಖಾಲಿ, ಅತಿ ದೊಡ್ಡ ಖಾಲಿ ತುಣುಕು ಎಂಬ ಮೂರು ಸಂಖ್ಯೆಗಳನ್ನು ಪಡೆಯಬಹುದು. ಬಹುಮಂದಿ ಮೊದಲೆರಡನ್ನು ನಕ್ಷೆಗೆ ಏರಿಸಿ ಮೂರನೆಯದನ್ನು ಕೈಬಿಡುತ್ತಾರೆ; ಛಿದ್ರತೆಯನ್ನು ತೋರಿಸಬಲ್ಲದ್ದು ಅದೊಂದೇ. ಖಾಲಿಯ ರೇಖೆ ಸಮವಾಗಿದ್ದು ಅತಿ ದೊಡ್ಡ ತುಣುಕಿನ ರೇಖೆ ಇಳಿಯುತ್ತಿದ್ದರೆ ಛಿದ್ರತೆ. ಎರಡೂ ಕೂಡಿ ಓರೆಯಾಗಿ ಇಳಿಯುತ್ತಿದ್ದರೆ ಸೋರಿಕೆ. ಒಂದು ದಿನ ಥಟ್ಟನೆ ಕುಸಿದು ಮತ್ತೆ ಏರಿದ್ದರೆ ಅದು ಮೂರನೆಯ ಬಗೆ: ತಾತ್ಕಾಲಿಕವಾದ ಬೇಡಿಕೆಯ ಬಿರುಗಾಳಿ. ಈ ಮೂರನೆಯದಕ್ಕೆ ಯಂತ್ರದಲ್ಲಿಯೇ ಒಂದು ಸಾಕ್ಷಿ ಉಂಟು. ಮೆಮೊರಿಯ ಸಾರಾಂಶದಲ್ಲಿ ‘ಲೋಯೆಸ್ಟ್’ ಎಂಬ ಕಂಬಸಾಲು, ಯಂತ್ರ ಎಚ್ಚೆತ್ತ ದಿನದಿಂದ ಖಾಲಿ ಮೆಮೊರಿ ಇಳಿದ ಕನಿಷ್ಠ ಮಟ್ಟವನ್ನು ನೆನಪಿಟ್ಟಿರುತ್ತದೆ. ಈಗ ಹತ್ತು ಮೆಗಾಬೈಟು ಖಾಲಿಯಿದ್ದು ಕನಿಷ್ಠವು ಸೊನ್ನೆಯ ಸಮೀಪದಲ್ಲಿದ್ದರೆ, ಪ್ರವಾಹ ಬಂದು ಇಳಿದುಹೋಗಿದೆಯೆಂದು ತಿಳಿಯಬೇಕು. ಅಂಥ ಪ್ರವಾಹ ಇಳಿದ ಮೇಲೆ ಅದರ ಕೆಸರಿನಂತೆ ಛಿದ್ರತೆ ಉಳಿಯುವುದೂ ಉಂಟು. ಆಗ ಸಂದೇಶ ಛಿದ್ರತೆಯನ್ನು ದೂರಿದರೂ ಮೂಲ ಪ್ರವಾಹದಲ್ಲಿದೆ.

ನಕ್ಷೆಗಳನ್ನು ಓದುವವರು ಒಂದು ಸಣ್ಣ ಬಲೆಗೆ ಬೀಳದಂತೆ ನೋಡಿಕೊಳ್ಳಬೇಕು. ಯಂತ್ರವು ಎಷ್ಟು ಕಾಲದಿಂದ ನಡೆಯುತ್ತಿದೆಯೆಂಬುದನ್ನು ಎಸ್‌ಎನ್‌ಎಂಪಿಯು ಸೆಕೆಂಡಿನ ನೂರರ ಒಂದು ಭಾಗದ ಲೆಕ್ಕದಲ್ಲಿ, 32 ಬಿಟ್ಟುಗಳ ಸಂಖ್ಯೆಯಾಗಿ ಕೊಡುತ್ತದೆ. ಆ ಸಂಖ್ಯೆ ಸುಮಾರು 497 ದಿನಗಳಿಗೆ ತುಂಬಿ ಸೊನ್ನೆಗೆ ಮರಳುತ್ತದೆ. ಅದನ್ನು ನೋಡಿ, ಸ್ವಿಚ್ಚು ನಿನ್ನೆ ತಾನೇ ಪುನಶ್ಚಾಲನೆಯಾಗಿದೆ, ಆದರೂ ಮೆಮೊರಿ ಇಷ್ಟು ಕಡಿಮೆಯಿದೆ ಎಂದು ತರ್ಕಿಸಿದರೆ ತರ್ಕವೆಲ್ಲ ತಲೆಕೆಳಗಾಗುತ್ತದೆ. ‘ಷೋ ವರ್ಷನ್’ ಎಂಬ ಆಜ್ಞೆಯಿಂದ ನಿಜವಾದ ಅವಧಿಯನ್ನು ತಾಳೆ ನೋಡುವುದು ಒಳ್ಳೆಯದು.

ಶಂಕಿತ ಪ್ರೊಸೆಸ್ಸು ಗೊತ್ತಾದ ಮೇಲೆ ಅದರೊಳಗಿನ ಸ್ಥಾನವನ್ನು ಗೊತ್ತುಮಾಡಬೇಕು. ‘ಷೋ ಮೆಮೊರಿ ಅಲೊಕೇಟಿಂಗ್-ಪ್ರೊಸೆಸ್ ಟೋಟಲ್ಸ್’ ಎಂಬ ಆಜ್ಞೆಯು ತುಣುಕುಗಳನ್ನು ಪಡೆದ ಸ್ಥಾನಕ್ಕೆ ಅನುಸಾರವಾಗಿ ಒಟ್ಟುಗೂಡಿಸಿ ಸಂಖ್ಯೆಯನ್ನು ಕೊಡುತ್ತದೆ. ಒಂದೇ ಸ್ಥಾನದಿಂದ ಪಡೆದ, ಒಂದೇ ಅಳತೆಯ ಹದಿನಾಲ್ಕು ಸಾವಿರ ತುಣುಕುಗಳು ಕಂಡುಬಂದು, ಮರುದಿನ ಅವು ಹದಿನಾಲ್ಕು ಸಾವಿರದ ಮುನ್ನೂರಾದರೆ ಇನ್ನು ಸಂದೇಹಕ್ಕೆ ಎಡೆಯಿಲ್ಲ. ಯಾರೂ ವಿಳಾಸವನ್ನು ಇಟ್ಟುಕೊಂಡಿರದ ಅನಾಥ ತುಣುಕುಗಳನ್ನು ಹುಡುಕುವ ಮತ್ತೊಂದು ಆಜ್ಞೆಯೂ ಇದೆ: ‘ಷೋ ಮೆಮೊರಿ ಡಿಬಗ್ ಲೀಕ್ಸ್’. ಇದು ಇಡೀ ಮೆಮೊರಿಯನ್ನು ಶೋಧಿಸುವುದರಿಂದ ಪ್ರೊಸೆಸರಿಗೆ ಬಹಳ ಭಾರ. ಹಗಲು ಕೆಲಸದ ವೇಳೆಯಲ್ಲಿ ಇದನ್ನು ಪ್ರಯೋಗಿಸಬಾರದು.

ಮೇಲೆ ಹೇಳಿದ್ದೆಲ್ಲ ‘ಪ್ರೊಸೆಸರ್’ ಎಂಬ ಭಂಡಾರಕ್ಕೆ ಸಂಬಂಧಿಸಿದ್ದು. ಸಂದೇಶದಲ್ಲಿ ‘ಐ/ಓ’ ಎಂಬ ಭಂಡಾರದ ಹೆಸರಿದ್ದರೆ ದಾರಿ ಬೇರೆ. ಪ್ರೊಸೆಸರಿಗಾಗಿ ಬಂದ ಪ್ಯಾಕೆಟ್ಟುಗಳನ್ನು ತಾತ್ಕಾಲಿಕವಾಗಿ ಇಡುವ ಬಫರುಗಳು ಈ ಭಂಡಾರದಲ್ಲಿರುತ್ತವೆ. ಇಲ್ಲಿನ ಒಂದು ಪ್ರಸಿದ್ಧ ದೋಷವನ್ನು ಒಂದೇ ನೋಟದಲ್ಲಿ ಗುರುತಿಸಬಹುದು. ಬಾಯಿಯ ವಿವರದಲ್ಲಿ ಒಳಬರುವ ಸರದಿಯ ಉದ್ದವನ್ನು 76/75 ಎಂಬಂತೆ ತೋರಿಸಿದ್ದರೆ, ಎಪ್ಪತ್ತೈದರ ಮಿತಿಯನ್ನು ಮೀರಿ ಎಪ್ಪತ್ತಾರು ಪ್ಯಾಕೆಟ್ಟುಗಳು ಸಿಕ್ಕಿಬಿದ್ದಿವೆಯೆಂದು ಅರ್ಥ. ಎಷ್ಟು ಹೊತ್ತು ಕಾದರೂ ಸಂಖ್ಯೆ ಇಳಿಯದಿದ್ದರೆ ಆ ಬಾಯಿ ಕಚ್ಚಿಕೊಂಡಿದೆ. ಯಾವುದೋ ಪ್ರೊಸೆಸ್ಸು ಪ್ಯಾಕೆಟ್ಟನ್ನು ಪಡೆದು ಬಫರನ್ನು ಬಿಡಲು ಮರೆತಿದೆ. ಬಫರಿನೊಳಗಿನ ಪ್ಯಾಕೆಟ್ಟುಗಳನ್ನು ತೆರೆದು ನೋಡಿದರೆ, ಎಲ್ಲವೂ ಒಂದೇ ಜಾತಿಯವಾಗಿರುವುದು ಸಾಮಾನ್ಯ. ಸೋರಿಕೆಯ ಮೂಲವನ್ನು ಇಷ್ಟು ಸ್ಪಷ್ಟವಾಗಿ ಹೆಸರಿಸುವ ಸಾಕ್ಷ್ಯ ಇನ್ನೊಂದು ದೊರೆಯದು.

ಚಿಪ್ಪುಗಳ ಒಳಗಿನ ಕೋಷ್ಟಕಗಳ ಕೊರತೆಯನ್ನು ಇದರೊಡನೆ ಬೆರೆಸಬಾರದು. 2014ರ ಆಗಸ್ಟ್ 12ರಂದು ಜಗತ್ತಿನ ಹಲವೆಡೆ ಅಂತರಜಾಲ ಕುಂಟಿದ ಘಟನೆ ಇದಕ್ಕೆ ಉದಾಹರಣೆ. ಅಮೆರಿಕದ ವೆರೈಜನ್ ಸಂಸ್ಥೆಯ ಕಡೆಯಿಂದ ಸುಮಾರು ಹದಿನೈದು ಸಾವಿರ ಹೊಸ ಮಾರ್ಗಗಳು ಒಮ್ಮೆಲೆ ಪ್ರಕಟವಾಗಿ, ಜಾಗತಿಕ ಮಾರ್ಗಕೋಷ್ಟಕವು 5,24,288 ಎಂಬ ಮಿತಿಯನ್ನು ದಾಟಿತು. ಕೆಟಲಿಸ್ಟ್ 6500 ಮೊದಲಾದ ಯಂತ್ರಗಳ ದೊಡ್ಡ ಮಾದರಿಗಳಲ್ಲಿ ಹತ್ತು ಲಕ್ಷಕ್ಕೆ ಸಮೀಪವಾದಷ್ಟು ಮಾರ್ಗಗಳಿಗೆ ಜಾಗವಿತ್ತು. ಆದರೆ ತಯಾರಕರ ಮೂಲ ಏರ್ಪಾಡಿನಲ್ಲಿ ಅರ್ಧಭಾಗವನ್ನು ಹೊಸ ಪದ್ಧತಿಯ, ಅಂದರೆ ಆರನೆಯ ಆವೃತ್ತಿಯ, ವಿಳಾಸಗಳಿಗೆಂದು ತೆಗೆದಿಡಲಾಗಿತ್ತು. ಆ ಭಾಗ ಬಹುಪಾಲು ಖಾಲಿಯಿದ್ದಾಗಲೇ ಈ ಭಾಗ ತುಂಬಿಹೋಯಿತು. ಪಾಲನ್ನು ಬದಲಿಸಲು ಒಂದು ಆಜ್ಞೆ ಸಾಕಿತ್ತು. ಅದು ಜಾರಿಗೆ ಬರಲು ಮಾತ್ರ ಪುನಶ್ಚಾಲನೆ ಬೇಕಾಗಿತ್ತು. ಜಾಗವಿದ್ದೂ ಇಲ್ಲದಂತಾಗುವ ಬಗೆ ಅಲ್ಲಿಯೂ ಇದೆ, ಆದರೆ ಅದು ಛಿದ್ರತೆಯಲ್ಲ, ಪಾಲಿನ ಪ್ರಶ್ನೆ. ಅದರ ಎಚ್ಚರಿಕೆಯ ಸಂದೇಶವೂ ಬೇರೆ.

ಈಚಿನ ಮಾದರಿಗಳಲ್ಲಿ ಐಓಎಸ್ ಎಕ್ಸ್‌ಇ ಎಂಬ ಹೊಸ ರಚನೆ ಬಂದಿದೆ. ತಳದಲ್ಲಿ ಲಿನಕ್ಸ್, ಅದರ ಮೇಲೆ ಒಂದು ಪ್ರೊಸೆಸ್ಸಾಗಿ ಐಓಎಸ್. ಕೆಟಲಿಸ್ಟ್ 3850ರಲ್ಲಿ ಮೆಮೊರಿ 4 ಗಿಗಾಬೈಟು. ಛಿದ್ರತೆಯ ಕಾಟ ಇಲ್ಲಿ ಬಹಳ ಕಡಿಮೆ, ಸೋರಿಕೆಯದು ಕಡಿಮೆಯಾಗಿಲ್ಲ. ಐಓಎಸ್ಸಿನ ಕೋಷ್ಟಕಗಳೆಲ್ಲ ನೆಟ್ಟಗಿದ್ದು ಅದರ ಹೊರಗಿನ ಲಿನಕ್ಸ್ ಪ್ರೊಸೆಸ್ಸೊಂದು ಸೋರುತ್ತಿರಬಹುದು. ಆದ್ದರಿಂದ ಈ ಯಂತ್ರಗಳಲ್ಲಿ ‘ಷೋ ಪ್ಲಾಟ್‌ಫಾರಂ’ ಎಂದು ಮೊದಲಾಗುವ ಆಜ್ಞೆಗಳನ್ನೂ ನೋಡದೆ ನಿರ್ಣಯಿಸಬಾರದು.

ಇನ್ನು ಪುನಶ್ಚಾಲನೆಯ ವಿಚಾರ. ಅದು ಕೂಡದೆಂದು ನಾನು ಹೇಳುವುದಿಲ್ಲ. ಸ್ಪ್ಯಾನಿಂಗ್ ಟ್ರೀ ಕುಸಿಯುವ ಮೊದಲು ಅದೇ ವಿವೇಕವಾಗಬಹುದು. ಆದರೆ ಅದು ನಿರಪಾಯವಾದ ಕ್ರಿಯೆಯೆಂಬ ನಂಬಿಕೆ ನಿಲ್ಲುವುದಿಲ್ಲ. 2014ರಲ್ಲಿ ಸಿಸ್ಕೋ ಸಂಸ್ಥೆಯೇ ಪ್ರಕಟಿಸಿದಂತೆ, ಒಬ್ಬ ಸರಬರಾಜುದಾರನಿಂದ 2005 ಮತ್ತು 2010ರ ನಡುವೆ ಬಂದ ಮೆಮೊರಿ ಚಿಪ್ಪುಗಳುಳ್ಳ ಕೆಲವು ಯಂತ್ರಗಳು ನಡೆಯುತ್ತಿರುವವರೆಗೆ ಚೆನ್ನಾಗಿಯೇ ಇದ್ದು, ವಿದ್ಯುತ್ತನ್ನು ತೆಗೆದು ಮತ್ತೆ ಕೊಟ್ಟಾಗ ಎಚ್ಚರಗೊಳ್ಳದೆ ಹೋಗುವ ಸಂಭವವಿತ್ತು. ಬಹುಕಾಲ ನಡೆದ ಹಳೆಯ ಸ್ವಿಚ್ಚನ್ನು ಆರಿಸುವವರು ಬದಲಿ ಯಂತ್ರವೊಂದನ್ನು ಹತ್ತಿರ ಇಟ್ಟುಕೊಂಡಿರಬೇಕು. ಅದರ ಏರ್ಪಾಡಿನ ಪ್ರತಿಯನ್ನು ಹೊರಗೆ ತೆಗೆದಿಟ್ಟಿರಬೇಕು.

ಆರಿಸುವ ಮೊದಲು ಸಾಕ್ಷ್ಯವನ್ನು ಸಂಗ್ರಹಿಸಬೇಕು. ದೂರದಿಂದ ಒಳಹೊಗಲು ಯಂತ್ರ ಬಿಡದಿದ್ದರೆ ಕನ್‌ಸೋಲ್ ಕೇಬಲನ್ನು ಹಿಡಿದು ಕಪಾಟಿನ ಬಳಿಗೇ ಹೋಗಬೇಕು. ಕನ್‌ಸೋಲಿಗೆಂದು ಸ್ವಲ್ಪ ಮೆಮೊರಿಯನ್ನು ಮೀಸಲಾಗಿಡುವ ಆಜ್ಞೆ ಐಓಎಸ್ಸಿನ ಅನೇಕ ಆವೃತ್ತಿಗಳಲ್ಲಿದೆ; ಖಾಲಿ ಮೆಮೊರಿ ಒಂದು ಗೊತ್ತಾದ ಮಟ್ಟಕ್ಕಿಂತ ಇಳಿದಾಗ ಎಚ್ಚರಿಕೆ ಕೊಡುವ ಆಜ್ಞೆಯೂ ಇದೆ. ಇವೆರಡನ್ನೂ ಯಂತ್ರ ಆರೋಗ್ಯವಾಗಿರುವಾಗಲೇ ಕೊಟ್ಟಿರುವುದು ಲೇಸು. ಮೆಮೊರಿಯ ಸಾರಾಂಶ, ಪ್ರೊಸೆಸ್ಸುಗಳ ಕೋಷ್ಟಕ, ಬಫರುಗಳ ವಿವರ, ದಿನಚರಿ ಇವನ್ನು ಈ ಕ್ರಮದಲ್ಲಿಯೇ ತೆಗೆಯಬೇಕು. ಎಲ್ಲವನ್ನೂ ಒಟ್ಟಿಗೆ ಕೊಡುವ ‘ಷೋ ಟೆಕ್-ಸಪೋರ್ಟ್’ ಎಂಬ ದೀರ್ಘ ಆಜ್ಞೆಯನ್ನು ಕಡೆಗೆ ಇಡಬೇಕು. ಉಳಿದಿರುವ ಅಲ್ಪ ಮೆಮೊರಿಯನ್ನೂ ಅದೇ ಕಬಳಿಸಿ ನಡುವೆ ನಿಂತುಬಿಟ್ಟರೆ ಚಿಕ್ಕ ಕೋಷ್ಟಕಗಳಾದರೂ ಕೈಯಲ್ಲಿರುತ್ತವೆ.

ಬೆಂಬಲವಿರುವ ಯಂತ್ರವಾದರೆ ಈ ಸಾಕ್ಷ್ಯವನ್ನು ತಯಾರಕರಿಗೆ ಕಳುಹಿಸಿ, ದೋಷ ತಿದ್ದಿದ ಆವೃತ್ತಿಯನ್ನು ಪಡೆಯಬಹುದು. ಬೆಂಬಲ ಮುಗಿದ ಯಂತ್ರಗಳ ಪಾಡು ಬೇರೆ. ಮೊದಲ 2960 ಮಾದರಿಗಳು ಆ ಗುಂಪಿಗೆ ಸೇರಿವೆ. ಅವುಗಳಿಗೆ ಹೊಸ ಆವೃತ್ತಿ ಬರುವುದಿಲ್ಲ. ಹೊಸ ಯಂತ್ರಕ್ಕೆ ಹಣವಿಲ್ಲದ ಸಂಸ್ಥೆ ಅವುಗಳೊಡನೆಯೇ ಬಾಳಬೇಕು. ಸೋರುತ್ತಿರುವ ಸೌಲಭ್ಯ ಅನಾವಶ್ಯಕವಾದರೆ ಅದನ್ನು ನಿಲ್ಲಿಸಿಬಿಡುವುದು ಮೊದಲನೆಯ ದಾರಿ. ಅದು ಸಾಧ್ಯವಿಲ್ಲದಿದ್ದರೆ ನಕ್ಷೆಯ ಇಳಿಜಾರಿನಿಂದ ಆಯುಷ್ಯವನ್ನು ಲೆಕ್ಕಹಾಕಿ, ಅದರ ಅರ್ಧದಷ್ಟು ಅವಧಿಗೊಮ್ಮೆ, ರಜಾದಿನದ ಮುಂಜಾನೆ, ಪುನಶ್ಚಾಲನೆಯನ್ನು ಗೊತ್ತುಮಾಡುವುದು. 364 ದಿನಗಳ ಆಯುಷ್ಯವಿದ್ದರೆ ಆರು ತಿಂಗಳಿಗೊಮ್ಮೆ. ಅರ್ಧವೇ ಏಕೆಂದರೆ, ಅವಧಿಯ ಕೊನೆಯಲ್ಲಿ ಛಿದ್ರತೆಯೂ ಸೋರಿಕೆಯೊಡನೆ ಸೇರಿಕೊಂಡು ಲೆಕ್ಕಕ್ಕಿಂತ ಮೊದಲೇ ಯಂತ್ರವನ್ನು ಕೆಡವುವುದುಂಟು. ಪ್ರತಿಬಾರಿಯೂ ನಿಲ್ಲಿಸುವ ಮುನ್ನ ಖಾಲಿ, ಕನಿಷ್ಠ, ಅತಿ ದೊಡ್ಡ ತುಣುಕು ಈ ಮೂರು ಸಂಖ್ಯೆಗಳನ್ನು ತಾರೀಖಿನೊಡನೆ ಬರೆದಿಡಬೇಕು. ಮುಂದಿನ ಬಾರಿ ಇಳಿಜಾರು ಕಡಿದಾಗಿದ್ದರೆ, ಜಾಲದಲ್ಲಿ ಏನೋ ಬದಲಾಗಿದೆಯೆಂಬುದು ಆ ಬರಹದಿಂದಲೇ ತಿಳಿಯುತ್ತದೆ.